ಮೂರನೆಯ ಗಡಿಯಾರ

ರಮಾ ಎದೆಯೊಡ್ಡಿ ದಾರ ಹರಿದಾಗ ಮೈದಾನವೇ ಎದ್ದು ನಿಂತಿತು. ನಾಗಪುರದ ಹೈಸ್ಕೂಲು ಹುಡುಗಿಯರಲ್ಲಿ ಇನ್ನೂರಿಪ್ಪತ್ತು ಗಜವನ್ನು ಅಷ್ಟು ಬೇಗ ಯಾರೂ ಓಡಿರಲಿಲ್ಲ. ಇಬ್ಬರು ಮಾಸ್ತರರ ಗಡಿಯಾರಗಳು ಒಂದೇ ಮಾತು ಹೇಳಿದವು. ಆದರೆ ದಾಖಲೆ ಎನ್ನಿಸಿಕೊಳ್ಳಲು ಮೂರು ಗಡಿಯಾರಗಳ ಸಾಕ್ಷಿ ಬೇಕು. ಮೂರನೆಯದು ಅವಳ ಅಪ್ಪ ಪಾಂಡುರಂಗರಾಯರ ಕೈಯಲ್ಲಿತ್ತು. ರೈಲ್ವೆ ಗಾರ್ಡ್, ವೇಳೆಯ ಮಟ್ಟಿಗೆ ಅವರಿಗಿಂತ ನಂಬಿಗಸ್ಥರು ಯಾರೆಂದು ಶಾಲೆಯವರೇ ಕರೆಸಿದ್ದರು.

ಪಂದ್ಯದ ಕಾರ್ಯದರ್ಶಿ ಗೋವಿಂದರಾವ್ ಅದರ ಮುಳ್ಳು ಅರ್ಧ ವೇಳೆಗೇ ನಿಂತದ್ದನ್ನು ನೋಡಿ, "ಮಗಳಿಗೇನು ಇಂಜಿನ್ ಕಟ್ಟಿದ್ದಿರಾ, ರಾವ್‌ಸಾಹೇಬ?" ಎಂದು ಮರಾಠಿಯಲ್ಲಿ ನಕ್ಕರು.

ರಾಯರು ತಲೆ ತಗ್ಗಿಸಿದರು. ರಮಾ ತಿರುವು ದಾಟುವ ಹೊತ್ತಿಗೆ ಮೈದಾನದ ಹಿಂದಿನ ಮಾರುತಿ ಗುಡಿಯಲ್ಲಿ ಆರತಿಯ ಗಂಟೆ ಬಾರಿಸಿತ್ತು. ರಾಯರ ಕೈಗಳು ತಾವಾಗಿಯೇ ಮುಗಿದಿದ್ದವು. ಅಂಗೈಗಳ ನಡುವೆ ಗಡಿಯಾರದ ಗುಂಡಿ ಒತ್ತಿಹೋಗಿ, ಮುಳ್ಳು ಅಲ್ಲೇ ನಿಂತಿತ್ತು.

"ಓಟದಲ್ಲಿ ಗೆದ್ದದ್ದು ಖರೆ. ದಾಖಲೆ ಮಾತ್ರ ಆಗದು," ಎಂದರು ಗೋವಿಂದರಾವ್.

"ನಾಳೆ ಇನ್ನೊಮ್ಮೆ ಓಡುತ್ತೇನೆ, ಸರ್."

"ಒಬ್ಬಳೇ ಓಡಿದರೆ ಅದನ್ನು ಪಂದ್ಯ ಅನ್ನುತ್ತಾರೇನಮ್ಮ?"

ರಮಾ ಮ್ಯಾಟ್ರಿಕ್ಕಿನಲ್ಲಿದ್ದಳು. ಇನ್ನೊಂದು ಪಂದ್ಯ ಅವಳಿಗಿರಲಿಲ್ಲ. ಶಾಲೆಯ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ತನ್ನ ಹೆಸರು ಕಾಣಬೇಕೆಂದು ವರ್ಷವಿಡೀ ಬರಿಗಾಲಲ್ಲಿ ಓಡಿದ್ದಳು.

ಮನೆಗೆ ಹೋಗುವಾಗ ಮಹಾಲು ಪೇಟೆಯ ಓಣಿಯಲ್ಲಿ ಅಪ್ಪ ಮುಂದೆ, ಅವಳು ಹಿಂದೆ. ಕೊನೆಗೆ ತಡೆಯಲಾಗಲಿಲ್ಲ.

"ನನ್ನ ಗಡಿಯಾರಾನೂ ಅಷ್ಟ ತೋರಸ್ತದ ಅಂದಿದ್ರ ನಿಮ್ಮ ಏನ್ ಗಂಟು ಹೋಗತಿತ್ತು, ಅಪ್ಪಾ?"

"ಮುಳ್ಳು ಒಂದು ತೋರಸ್ತದ, ಬಾಯಿ ಇನ್ನೊಂದು ಹೇಳಂದ್ರ ಹ್ಯಾಂಗವಾ?"

"ಹಂಗಾದ್ರ ಕೈಯರ ಸುಮ್ನ ಇಟ್ಕೋಬೇಕಿತ್ತು!"

"ನೀ ಓಡಿದ್ದು ದೇವರು ನೋಡ್ಯಾನ, ರಮಾ."

"ನೋಡಿರಬೇಕು. ಆದ್ರ ಅವನ ಕೈಯಾಗ ಗಡಿಯಾರ ಇರಲಿಲ್ಲಲ್ಲ!"

ಓಣಿಯ ತಿರುವಿನಲ್ಲಿ ವಿಠೋಬನ ಗುಡಿ. ಯಾರೋ ಒಳಹೊಕ್ಕು ಗಂಟೆ ಬಾರಿಸಿದರು. ಅಪ್ಪನ ಕೈಗಳು ಎದೆಯವರೆಗೆ ಎದ್ದು, ತಡವರಿಸಿ, ಕೋಟಿನ ಜೇಬಿನೊಳಗೆ ಇಳಿದುಹೋದವು. ಗುಡಿಯ ಗಂಟೆ ಕೇಳಿಯೂ ಅಪ್ಪ ಕೈ ಮುಗಿಯದೆ ಇದ್ದದ್ದನ್ನು ಹುಟ್ಟಿದಾಗಿನಿಂದ ರಮಾ ಕಂಡಿರಲಿಲ್ಲ. ಮರುಕ ಬರಬೇಕಿತ್ತು, ಸಿಟ್ಟೇ ಉಕ್ಕಿ ಬಂತು.

"ಕೈ ಮುಗೀರಿ ಈಗ," ಎಂದಳು. "ಈಗೇನ್ ನಾ ಓಡಾಕತ್ತಿಲ್ಲ."