ಕಿವಿ ಬುಡದ ಗಂಟು

ಕರು ತಾಯಿಯ ಕೆಚ್ಚಲ ಪಕ್ಕದಲ್ಲೇ ನಿಂತಿದ್ದರೂ ಬಾಯಿ ಹಾಕಲಿಲ್ಲ. ರೆಸಿಯಾತೊ ಅದರ ಕಿವಿಯ ಬುಡ ಸವರಿದಳು. ಗಂಟು ಊದಿಕೊಂಡು ಸುಡುತ್ತಿತ್ತು. ಲೊಯಿತಾ ಬೆಟ್ಟದ ದನಗಾಹಿ ಮಾಸಾಯಿಗಳಿಗೆ ಆ ಗಂಟಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಉಣ್ಣಿ ಹುಳ ಕಚ್ಚಿ ಬರುವ ಜ್ವರ ಅದು. ಹಿಂದಿನ ಮಳೆಗಾಲದಲ್ಲಿ ಹಟ್ಟಿಯ ಕರುಗಳನ್ನು ಸಾಲಾಗಿ ಕೆಡವಿತ್ತು. ಅವಳ ಪಾಲಿಗೆ ಉಳಿದದ್ದು ತವರಿನಿಂದ ತಂದ ಈ ಹಸು ಮಾತ್ರ. ಇದು ಅದರ ಚೊಚ್ಚಲು.

ಅತ್ತೆ ನೂಂಕಿಶು ಆಗಲೇ ಬೆಂಕಿಯಲ್ಲಿ ಕಬ್ಬಿಣ ಕಾಯಿಸುತ್ತಿದ್ದಳು. ಗಂಟಿಗೆ ಬರೆ ಹಾಕಿದರೆ ಜ್ವರ ಇಳಿಯುತ್ತದೆಂದು ನಂಬಿದ ಕಾಲದವಳು.

"ಬರೆ ಬೇಡ ಅತ್ತೆ. ಅದಕ್ಕೆ ನೋವೊಂದೇ ಸಿಗೋದು. ದನದ ಡಾಕ್ಟರಮ್ಮ ಕೊಟ್ಟ ಮದ್ದಿದೆ, ಈಗ್ಲೇ ಸೂಜಿ ಚುಚ್ಚಿ ಹಾಕ್ಬೇಕು. ಮೂಗಲ್ಲಿ ನೊರೆ ಬಂತೂಂದ್ರೆ ಮದ್ದೂ ನಾಟಲ್ಲ."

"ನಿನ್ನ ಕೈ ನಡುಗಿದ್ರೆ?"

"ನೀವು ಕರು ಗಟ್ಟಿಯಾಗಿ ಹಿಡ್ಕೊಂಡ್ರೆ ನಡುಗಲ್ಲ."

ಬೇಲಿಯಾಚೆಯಿಂದ ಮೈದುನ ಪರ್ಮುವಾತ್ ನಕ್ಕ. "ಅತ್ತಿಗೆ, ಮಣಿ ಪೋಣಿಸೋ ಸೂಜಿ ಅಲ್ಲ ಅದು!"

"ಗೊತ್ತಪ್ಪಾ. ಅದಕ್ಕೇ ನಿನ್ನ ಕೈಗೆ ಕೊಟ್ಟಿಲ್ಲ."

ನೂಂಕಿಶು ಕಬ್ಬಿಣವನ್ನು ಬೂದಿಗೆ ಎಸೆದು ಬಂದು ಕರುವಿನ ಕೊರಳು ತಬ್ಬಿದಳು. ಡಾಕ್ಟರಮ್ಮನ ಎದುರು ಮಾಡಿ ಕಲಿತ ಹಾಗೆಯೇ ರೆಸಿಯಾತೊ ಕರುವಿನ ಎದೆಯ ಸುತ್ತ ಅಳತೆಪಟ್ಟಿ ಹಿಡಿದು ತೂಕ ಅಂದಾಜಿಸಿದಳು. ಎಣ್ಣೆಯಂಥ ಕೆಂಪು ಮದ್ದನ್ನು ಸಿರಿಂಜಿಗೆ ಎಳೆದು, ಕತ್ತಿನ ಮಾಂಸಖಂಡದ ಆಳಕ್ಕೆ ಮೆಲ್ಲಗೆ ಇಳಿಸಿದಳು.

ಮರುದಿನವೂ ಕರು ಮುದುಡಿಯೇ ಬಿದ್ದಿತ್ತು. ಪರ್ಮುವಾತ್ ಈ ಸಲ ತಮಾಷೆ ಮಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಬಾಯಿಗೆ ಹಾಲು ಹನಿಸುತ್ತಾ, ನೆರಳಿಗೆ ಸರಿಸುತ್ತಾ ಅದರ ಪಕ್ಕದಲ್ಲೇ ಕೂತಳು. ಅದರಾಚೆಯ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಕರು ತೂರಾಡುತ್ತಾ ಎದ್ದು, ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಿತು. ನೂಂಕಿಶು ಅಂಗಳದಲ್ಲೇ ಹಸುಗಳ ಹಾಡು ಎತ್ತಿಕೊಂಡಳು. ಹಾಡಿನ ನಡುವೆ ಸೊಸೆಯ ಹೆಸರನ್ನೂ ಸೇರಿಸಿದಳು.

ವಾರ ಕಳೆಯುವುದರೊಳಗೆ ಪರ್ಮುವಾತ್ ತಾಯಿಯ ಬಳಿ ಬಂದು ನಿಂತ. "ಅಮ್ಮಾ, ನನ್ನ ಕಡಸಿಗೂ ಗಂಟು ಬಂದಿದೆ. ಅತ್ತಿಗೆಗೆ ಒಂದ್ಮಾತು ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ? ಅವತ್ತು ಬೇಲಿ ದಾಟಿ ಕೇಳಿಸ್ತಿತ್ತಲ್ಲ ನಿನ್ನ ಬಾಯಿ!"

ಅವನು ತಲೆ ತಗ್ಗಿಸಿಕೊಂಡು ರೆಸಿಯಾತೊಳ ಮುಂದೆ ಬಂದ. "ಅತ್ತಿಗೆ, ಬರ್ತೀರಾ?"

"ನೊರೆ ಬಂದಿಲ್ಲ ತಾನೆ?"

"ಇಲ್ಲ. ಗಂಟು ಕಂಡ ತಕ್ಷಣ ಓಡಿ ಬಂದೆ."

"ಒಳ್ಳೇದು ಮಾಡ್ದೆ. ನಡಿ."

ಅವಳು ಮದ್ದಿನ ಡಬ್ಬಿ ಎತ್ತಿಕೊಂಡು ಹೊರಟಳು. ಹಿಂದಿನಿಂದ ಅತ್ತೆ ನೆರೆಮನೆಗಳಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ನನ್ನ ಸೊಸೆ ಹೊರಟಿದಾಳೆ, ದಾರಿ ಬಿಡ್ರೋ!"

ರೆಸಿಯಾತೊಗೆ ನಾಚಿಕೆಯೂ ಆಯಿತು, ನಗುವೂ ಬಂತು. ಬೆನ್ನು ಮಾತ್ರ ತಾನಾಗಿಯೇ ನೆಟ್ಟಗಾಯಿತು.