ಸಿದ್ದಾರೂಢರ ಅಂಜಿಕೆ

ಸಿದ್ದಾರೂಢರು ಬರಿಗೈಯಲ್ಲಿ ನಡೆದದ್ದನ್ನು ಅವರ ಕಾರ್ಖಾನೆಯಲ್ಲಿ ಯಾರೂ ಕಂಡವರಿಲ್ಲ. ಉದ್ದ ಹಿಡಿಯ ಒಣ ಕಸಬರಿಗೆಯೊಂದನ್ನು ಎದೆಯ ಮುಂದೆ ಚಾಚಿ, ಗಾಳಿಯನ್ನೇ ತಡವುತ್ತ, ಹೆಜ್ಜೆಗೊಮ್ಮೆ ನಿಲ್ಲುತ್ತ, ಕೊಳವೆಗಳ ಸಾಲಿನಲ್ಲಿ ಸಾಗುವರು. ಜಲಜನಕದ ಉರಿ ಹಗಲಲ್ಲಿ ಕಣ್ಣಿಗೆ ಕಾಣದು. ಕಸಬರಿಗೆಯ ತುದಿ ಹೊತ್ತಿಕೊಂಡರೆ ಮುಂದೆ ಬೆಂಕಿಯಿದೆಯೆಂದು ತಿಳಿಯಬೇಕು. ಕಂಡವರು ನಗುತ್ತಿದ್ದರು. ಪುಣೆಯಿಂದ ಆಗಾಗ ಹೋಗಿಬರುವ ಅವರ ಗೆಳೆಯನಾದ ನಾನೂ ನಕ್ಕವನೇ.

ತಳೇಗಾಂವದ ಆ ತಗಡಿನ ಶೆಡ್ಡಿನಲ್ಲಿ ಗಾಜಿನ ಕೊಳವೆಗಳೊಳಗೆ ಹಸಿರು ಪಾಚಿ ಬಿಸಿಲುಣ್ಣುತ್ತಿತ್ತು. ಪಕ್ಕದ ಟ್ಯಾಂಕಿಯಲ್ಲಿ, ಬಾರಾಮತಿ ಕಡೆಯಿಂದ ಬರುವ ಸಕ್ಕರೆ ಕಾರ್ಖಾನೆಯ ಕೊಳೆನೀರನ್ನು ಬ್ಯಾಕ್ಟೀರಿಯಾ ತಿನ್ನುತ್ತಿದ್ದವು. ಎರಡೂ ಬಿಡುವ ಜಲಜನಕವನ್ನು ಇಂಧನವಾಗಿ ಮಾರುವ ಕನಸು ಹೋಟೆಲು ನಡೆಸಿ ಗೆದ್ದ ಮಾಲೀಕ ಭುಜಂಗರದು. ಅದರ ಅಂಜಿಕೆಯೆಲ್ಲ ಮೇಲ್ವಿಚಾರಕ ಸಿದ್ದಾರೂಢರದು. ಆ ಅನಿಲ ಗಾಳಿಗಿಂತ ಹಗುರ, ಸೋರಿದರೆ ಚಾವಣಿಗೇರುವುದು; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. “ವಾಸನಿ ಇದ್ದ ವೈರಿ ಅರ್ಧಾ ಗೆಳೆಯಾ ಇದ್ದಂಗ್ರಿ,” ಎನ್ನುವರು.

ಮನೆಯಲ್ಲೂ ಅದೇ ಕಥೆ. ನೈಲಾನು ಉಜ್ಜಿ ಕಿಡಿ ಹಾರೀತೆಂದು ಹತ್ತಿಯ ಅಂಗಿಯಲ್ಲದೆ ಬೇರೆ ತೊಡರು. ಹೆಂಡತಿ ರೇಣು ದೇವರ ದೀಪ ಹಚ್ಚುವ ಮುನ್ನ ಇವರು ಅಡುಗೆಮನೆಯ ಸಿಲಿಂಡರಿನ ಮುಂದೆ ಮಂಡಿಯೂರಿ ಮೂಸಿ ಬರಬೇಕು. “ನಮ್ಮನಿ ದೇವರು ಇವರ ಪರವಾನಗಿ ಇಲ್ದ ಬೆಳಕ ನೋಡಂಗಿಲ್ರಿ,” ಎಂದು ಆಕೆ ಚುಡಾಯಿಸುವರು.

ಕಳೆದ ಖಂಡೇನವಮಿಗೆ ನನಗೂ ಕರೆಯಿತ್ತು. ಪ್ರತಿವರ್ಷ ಅಂಗಳದಲ್ಲಾಗುತ್ತಿದ್ದ ಆಯುಧಪೂಜೆ ಈ ಸಲ ಒಳಗೆ, ಟ್ಯಾಂಕಿಯ ಎದುರೇ ಆಗಬೇಕೆಂದು ಭುಜಂಗರು ಹಟ ಹಿಡಿದಿದ್ದರು. ಸಿದ್ದಾರೂಢರು ಬೇಡ ಬೇಡವೆಂದು, ಕಡೆಗೆ ಹಿಂದಿನ ಸಂಜೆ ಅನಿಲ ಅಳೆಯುವ ಮೀಟರು ಹಿಡಿದು ಮೂಲೆಮೂಲೆ ತಿರುಗಿ, ಸೊನ್ನೆಯೆಂದು ಕಂಡಮೇಲೆ ಒಪ್ಪಿದ್ದರು. ಬೆಳಿಗ್ಗೆ ಅವರೇ ಕಸಬರಿಗೆ, ನಟ್ಟು ಬಿಗಿಯುವ ಪಾನಾ, ಮೀಟರು ಎಲ್ಲವನ್ನೂ ಮಣೆಯ ಮೇಲಿಟ್ಟು ಚೆಂಡುಹೂ ಏರಿಸಿದರು. ಆ ದಿನ ಯಂತ್ರಗಳನ್ನು ದುಡಿಸಬಾರದಲ್ಲ; ಗಾಳಿ ಹೊರದಬ್ಬುವ ಚಾವಣಿಯ ಫ್ಯಾನನ್ನೂ ನಿಲ್ಲಿಸಿ ಕುಂಕುಮವಿಟ್ಟರು. “ದೇವರ ಮುಂದ ಎಷ್ಟಂತ ಅಂಜೂದ್ರಿ,” ಎಂದು ನಕ್ಕರು. ಅವರು ಅಷ್ಟು ಹಗುರಾಗಿದ್ದುದನ್ನು ನಾನು ಕಂಡಿರಲೇ ಇಲ್ಲ.

ಹಿರಿಯನೆಂದು ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಹದಿಮೂರು ಜನ ನಿಂತಿದ್ದೆವು. ಗಂಟೆ ಬಾರಿಸುತ್ತಿದ್ದವಳು ಸಿದ್ದಾರೂಢರ ಮಗಳು ಸುರಭಿ. ಕರ್ಪೂರ ಹೊತ್ತಿಸಿ ಇನ್ನೇನು ತಟ್ಟೆ ಮೇಲೆತ್ತಬೇಕು, ಸಿದ್ದಾರೂಢರು ಚಾವಣಿಯಲ್ಲಿ ನಿಂತಿದ್ದ ಫ್ಯಾನಿನತ್ತ ನೋಡಿದರು. ಕೂಗಲಿಲ್ಲ, ಮುಂದೆ ಬಂದು ಉರಿಯುವ ಕರ್ಪೂರದ ಮೇಲೆ ಅಂಗೈಯೊತ್ತಿದರು.

“ಎಲ್ಲಾರೂ ಹೊರಗ ನಡೀರಿ. ಗುರಣ್ಣ, ಸ್ವಿಚ್ ಮುಟ್ಟಬ್ಯಾಡೋ.”

ಫ್ಯಾನು ಹಾಕಲು ಹೊರಟಿದ್ದ ಇಲೆಕ್ಟ್ರಿಷಿಯನ್ ಗುರಣ್ಣ ಕೈ ಹಿಂತೆಗೆದ. ಆ ಸ್ವಿಚ್ಚಿನೊಳಗಿನ ಕಿಡಿಯೇ ಸಾಕಿತ್ತಂತೆ. ಎಲ್ಲರೂ ಹೊರಗೆ ಓಡಿದೆವು. ಸಿದ್ದಾರೂಢರು ಮಾತ್ರ ಹೂವು ಕಿತ್ತೆಸೆದು ಮೀಟರನ್ನು ಬಿದಿರಿಗೆ ಕಟ್ಟಿ, ಬಾಗಿಲಲ್ಲೇ ನಿಂತು ಚಾವಣಿಯತ್ತ ಚಾಚಿದರು. ಅದು ಚೀರತೊಡಗಿತು, ನಿಲ್ಲಲೇ ಇಲ್ಲ. ಯಂತ್ರಗಳಿಗೆ ರಜೆ ಕೊಟ್ಟಿದ್ದೆವು; ಬ್ಯಾಕ್ಟೀರಿಯಾಗಳಿಗೆ ಖಂಡೇನವಮಿ ಗೊತ್ತಿರಲಿಲ್ಲ. ಬೆಳಗಿನಿಂದ ಸಡಿಲ ಜೋಡಣೆಯೊಂದರಿಂದ ನುಸುಳಿದ ಅನಿಲ, ಹೊರದಬ್ಬುವ ಫ್ಯಾನಿಲ್ಲದೆ ನಮ್ಮ ತಲೆಯ ಮೇಲೇ ಸೇರಿಕೊಂಡಿತ್ತು.

“ಏನೂ ಆಗ್ಲಿಲ್ಲವಲ್ಲ ಮಾರಾಯ್ರೆ, ಬಿಡಿ,” ಎಂದರು ಭುಜಂಗರು.

ಸಿದ್ದಾರೂಢರು ಸುಟ್ಟ ಅಂಗೈಯನ್ನು ನೀರಲ್ಲಿ ಅದ್ದಿಕೊಂಡು ಸುರಭಿಯನ್ನೇ ನೋಡುತ್ತಿದ್ದರು. “ಫ್ಯಾನ್ ಬಂದ್ ಮಾಡಿದಾಂವ ನಾನ ಅದೀನ್ರಿ. ಇವತ್ತೊಂದ ದಿನಾ ಅಂಜಲಿಲ್ಲ.”

ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರಿರುತ್ತಾರೆ. ನಾವವರನ್ನು ಪುಕ್ಕಲರೆಂದು ನಗುತ್ತ, ನಮ್ಮ ಪಾಲಿನ ಅಂಜಿಕೆಯನ್ನೂ ಅವರ ತಲೆಗೇ ಕಟ್ಟಿ ಹಾಯಾಗಿರುತ್ತೇವೆ. ಆಗದೇ ಹೋದ ಅನಾಹುತಗಳೇ ಅವರ ಜೀವಮಾನದ ದುಡಿಮೆ, ಆದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥವರ ಮನಸ್ಸಿಗೆ ನೆಮ್ಮದಿ ಸಿಗಲಿ ಎಂದು ಹಾರೈಸಲು ನನಗೀಗ ಭಯವಾಗುತ್ತದೆ.