ಮಾವ ತಂದ ಅಂಗಿ

“ಹೆಣಾ ಹೊತ್ತು ಹಂಗೇ ಸೀದಾ ಬಂದಿದಿಯೇನಲೇ? ಇದು ದಫ್ತರ ಅದ, ಸ್ಮಶಾನ ಅಲ್ಲ.”

ಅಶೋಕಕುಮಾರ ಸಾಹೇಬರು ಫೈಲಿನಿಂದ ತಲೆ ಎತ್ತಿ ಇಷ್ಟು ಅಂದರು. ಟೈಪು ಹೊಡೆಯುತ್ತಿದ್ದ ಹುಡುಗಿಯ ಬೆರಳು ನಿಂತಿತು. ಬಾಗಿಲ ಬಳಿ ಕಾಯುತ್ತಿದ್ದ ಲಾರಿ ಡ್ರೈವರುಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕು, ಉಳಿದವರು ನಗದೇ ಇದ್ದದ್ದನ್ನು ಕಂಡು ಕೆಮ್ಮಿದ. ಪಂಡರಿ ತನ್ನ ಅಂಗಿಯನ್ನು ತಾನೇ ನೋಡಿಕೊಂಡ. ಕಾಲರು ಹರಿದು ಒಳಗಿನ ಕ್ಯಾನ್ವಾಸು ಹಲ್ಲು ಕಿರಿದಿತ್ತು. ಹೊಟ್ಟೆಯ ಹತ್ತಿರದ ಗುಂಡಿ ಬೇರೆ ಯಾವುದೋ ಅಂಗಿಯದು.

ಅವನ ಅಣ್ಣ ಮಚ್ಚೇಂದ್ರ ಇದೇ ಕಂಪನಿಯ ಟ್ಯಾಂಕು ತೊಳೆಯಲು ಇಳಿದು ಮೇಲೆ ಬರಲಿಲ್ಲ. ಅದಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ತಮ್ಮನಿಗೆ ಆಫೀಸಿನಲ್ಲಿ ಕೆಲಸ ಕೊಡುತ್ತೇವೆ ಎಂದು ಹೆಣದ ಮುಂದೆ ನಿಂತು ಹೇಳಿದವರೂ ಇದೇ ಸಾಹೇಬರು.

“ಸೋಮವಾರ ದೊಡ್ಡ ಸಾಹೇಬರು ಹೈದರಾಬಾದಿನಿಂದ ಬರ್ತಾರ. ಇಂಟರ್‌ವ್ಯೂ ಅದ. ಸ್ಟೋರಿನ್ಯಾಗ ಕೂತು ಚೀಟಿ ಬರಿಯೋ ಕೆಲಸ, ಗೋಣಿಚೀಲ ಹೊರೋದಲ್ಲ. ಮನಿಷಾನಂಗ ಬಾ.”

“ಹೂನ್ರಿ,” ಅಂದ ಪಂಡರಿ.

ತನ್ನೂರು ಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನು ದಾರಿಯುದ್ದಕ್ಕೂ ಸಾಹೇಬರನ್ನು ಒಳಗೊಳಗೇ ಬೈದ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ದಲಾಲರ ಅಡತಿಯಲ್ಲಿ ತೊಗರಿ ಚೀಲ ಹೊತ್ತವನು ಅವನು. ಚೀಲ ಉಜ್ಜಿ ಉಜ್ಜಿ ಕತ್ತಿನ ಚರ್ಮವೇ ಉಳಿದಿಲ್ಲ, ಕಾಲರು ಉಳಿಯಬೇಕಂತೆ. ಇದ್ದ ಒಂದೇ ಛಲೋ ಅಂಗಿ, ಅಣ್ಣ ತಮ್ಮ ಸರದಿಯಂತೆ ತೊಡುತ್ತಿದ್ದ ಆಕಾಶ ಬಣ್ಣದ್ದು, ಮಚ್ಚೇಂದ್ರನ ಮೈಮೇಲೆ ಹೋಗಿತ್ತು. ಸೆಟೆದ ತೋಳು ಬಗ್ಗಿಸಿ ಅದನ್ನು ತೊಡಿಸಿದವನು ಪಂಡರಿಯೇ.

ಬಸ್ಸಿಳಿದು ನೇರ ಗಯಾಸುದ್ದೀನನ ಹೊಲಿಗೆ ಅಂಗಡಿಗೆ ಹೋದ. ಗೋಡೆಯ ತುಂಬ ಇಸ್ತ್ರಿಯಾದ ಅಂಗಿಗಳು ತೂಗುತ್ತಿದ್ದವು.

“ಒಂದು ಕೊಡು ಚಾಚಾ. ಸೋಮವಾರ ಸಂಜಿಕ ಹೊಳ್ಳಿ ತರ್ತೀನಿ.”

ಗಯಾಸುದ್ದೀನ್ ಬಾಯಲ್ಲಿನ ದಾರ ಕಡಿದ. “ಕೊಡಬಹುದು ಬೇಟಾ. ಅಂಗಿ ಮಾಲಕ ಎದುರಿಗೆ ಬಂದ್ರ ನಿನಗ ಅಂಗಿ ಹೋಗ್ತದ, ನನಗ ಮಶೀನ್ ಹೋಗ್ತದ.” ಸೂಜಿಗೆ ದಾರ ಪೋಣಿಸುತ್ತ, “ನಿಂದೇ ಒಂದು ಅದಲ್ಲೋ. ನಿಮ್ಮ ಮಾವ ನನ್ನ ಕಡೆಯಿಂದೇ ಹೊಲಿಸ್ಯಾನ. ಬಿಳೇ ಅಂಗಿ, ಕರೇ ಪ್ಯಾಂಟು. ಸಾಹೇಬರ ಡ್ರೆಸ್ಸೇ.”

“ಅದು ಯಾತರದು ಅಂತ ನಿನಗ ಗೊತ್ತಿಲ್ಲೇನು?”

“ನನಗ ಗೊತ್ತದ. ಅರಿವಿ ಬಟ್ಟಿಗೇನು ಗೊತ್ತದ?”

ಅಣ್ಣನ ತಿಥಿಯ ಊಟದ ದಿನ ಮಂಠಾಳದಿಂದ ಸೋದರಮಾವ ನರಸಿಂಗ ತಂದಿದ್ದ ಅಂಗಿ ಅದು. ಸಾವಾದ ಮನೆಯವರಿಗೆ ತವರಿನವರು ಹೊಸ ಬಟ್ಟೆ ತೊಡಿಸಿ ದುಃಖ ಬಿಡಿಸಬೇಕು. ಪಂಡರಿ ಅವತ್ತು ಅದನ್ನು ಹೆಗಲ ಮೇಲೆ ಹಾಕಿಸಿಕೊಂಡವನು ಹಂಗೇ ತೆಗೆದು ಪೆಟ್ಟಿಗೆಗೆ ಒಗೆದಿದ್ದ. ಹೊಸ ಬಟ್ಟೆಯ ಮೂಲೆಗೆ ಹಚ್ಚುವ ಅರಿಶಿನ ಅದಕ್ಕೆ ಹಚ್ಚಿರಲಿಲ್ಲ. ದುಃಖದ ಬಟ್ಟೆಗೆ ಹಚ್ಚುವುದಿಲ್ಲ.

ಮನೆಯಲ್ಲಿ ಅವ್ವ ಸುಂದರಬಾಯಿ ಆಗಲೇ ಪೆಟ್ಟಿಗೆ ತೆರೆದು ಕೂತಿದ್ದಳು.

“ಅದನ್ನ ಹಾಕ್ಕೊಂಡು ಅವರ ಮುಂದ ನಿಂದ್ರಲಾ?” ಪಂಡರಿಯ ದನಿ ಏರಿತು. “ಅಣ್ಣನ್ನ ನುಂಗಿದವರ ಮುಂದ?”

“ನಿಂದ್ರು. ಹರಕಾ ಹಾಕ್ಕೊಂಡು ಹೋದ್ರ ಭಿಕ್ಷಾ ಬೇಡಾಕತ್ತಾನ ಅಂತಾರ.” ಅವಳು ಮೂಲೆಯ ಹೊರಸಿನತ್ತ ಗದ್ದ ತೋರಿಸಿದಳು. ಅಡತಿಯ ಚೀಲಗಳು ಮುರಿದ ಅಪ್ಪನ ಬೆನ್ನು ಆ ಕಡೆ ತಿರುಗಿ ಮಲಗಿತ್ತು. “ಅಲ್ಲಿ ನೋಡು. ಹಂಗ ಮಲಗ್ತಿ ಏನು ಮುಂದ? ಒಬ್ಬಾಂವ ಹ್ವಾದ. ಇನ್ನೊಬ್ಬಾಂವ ಖುರ್ಚಿ ಮ್ಯಾಲ ಕೂತು ಉಣ್ಣಲಿ ಅಂತೀನಿ, ತಪ್ಪೇನು?”

ಪಂಡರಿ ಪೆಟ್ಟಿಗೆಗೆ ಕೈ ಹಾಕಿ ಅಂಗಿ ಹೊರತೆಗೆದ.

ಸೋಮವಾರ ಮುಂಜಾನೆ ಅಂಗಿ ತೊಟ್ಟು ಪ್ಯಾಂಟಿನೊಳಗೆ ಸೇರಿಸಿ ನಿಂತ. ಅಂಗಿ ಭುಜದ ಮೇಲೆ ಮರದ ಹಲಗೆಯ ಹಾಗೆ ಬಿಗಿದಿತ್ತು. ಅವ್ವ ಒಲೆಯ ಕಡೆಯಿಂದ ಬೆರಳ ತುದಿಯಲ್ಲಿ ಅರಿಶಿನ ತಂದಳು. ಅಂಚು ಒಳಗೆ ಹೋಗಿದ್ದರಿಂದ ಕಾಲರಿನ ಮೂಲೆಗೇ ಹಚ್ಚಿದಳು. ಬೊಟ್ಟು ದೊಡ್ಡದಾಯಿತು.

“ಏನು ಮಾಡಾಕತ್ತೀ ಅವ್ವ?”

“ಸುಮ್ಮನಿರು. ಇವತ್ತಿಂದ ಇದು ದುಃಖದ್ದಲ್ಲ. ನೌಕರಿ ಅಂಗಿ.”

ಆಫೀಸಿನಲ್ಲಿ ದೊಡ್ಡ ಸಾಹೇಬರು ಎಸಿಯ ಕೆಳಗೆ ಕೂತಿದ್ದರು. ಪಕ್ಕದಲ್ಲಿ ಅಶೋಕಕುಮಾರ ಸಾಹೇಬರು. ಪಂಡರಿಯನ್ನು ಕಂಡು ಅವರ ಮುಖ ಅರಳಿತು. ಆಮೇಲೆ ಕಣ್ಣು ಕಾಲರಿನ ಮೇಲೆ ನಿಂತಿತು.

“ನೋಡ್ರಿ ಸರ್,” ಅಂದರು ಮೆಲ್ಲಗೆ. “ನಮ್ಮ ಕಡೆ ಪದ್ಧತಿ ನನಗ ಗೊತ್ತದ. ಸಾವಿನ ಅರಿವಿ ಆಗಿದ್ರ ಅರಿಶಿನ ಹಚ್ಚತಿದ್ದಿಲ್ಲ. ಇವರ ಮನ್ಯಾಗ ಲಗ್ನ ನಡದದ.” ಪಂಡರಿಯ ಕಡೆ ತಿರುಗಿ, “ಅಣ್ಣ ಸತ್ತು ಎಷ್ಟು ದಿನ ಆದ್ವಲೇ? ಕಂಪನಿ ಪರಿಹಾರದ ರೊಕ್ಕ ಕೈಗೆ ಬಂದದ್ದೇ ತಡ, ಮದಿಮಗನಂಗ ತಯಾರಾಗಿ ಬಂದಿದಿಯಲ್ಲ? ನಾವೆಲ್ಲಾ ನಿಮ್ಮ ಮನ್ಯಾಗ ಒಲಿ ಹತ್ತಿಲ್ಲ ಅಂತ ತಿಳಕೊಂಡು ಈ ಜಾಗಾ ಹಿಡಿದಿಟ್ಟೀವಿ.”

ತೆರೆದ ಬಾಗಿಲಾಚೆ ಟೈಪಿನ ಸದ್ದು ನಿಂತಿತು.

ದೊಡ್ಡ ಸಾಹೇಬರು ಅವರತ್ತ ಬಾಗಿ ಏನೋ ಅಂದರು. ಅಶೋಕಕುಮಾರ ಸಾಹೇಬರು ತಲೆಯಾಡಿಸಿದರು. “ಸರ್ ಭಾಳ ಛಲೋ ಮನಿಷಾ ಇದಾರ. ಕೇಳಾಕತ್ತಾರ, ಯಾರ ಸಲುವಾಗಿ ಹೊಲಿಸಿದ್ದು ಈ ಅಂಗಿ? ಖರೇ ಹೇಳು. ಹೇಳಿದ್ರ ನೌಕರಿ ನಿಂದೇ.”

ಒಂದೇ ಹೆಸರು. ಮಚ್ಚೇಂದ್ರನ ತಿಥಿಗೆ ಬಂದದ್ದು ಅಂದರೆ ಸಾಕು. ಸಾಹೇಬರ ತಲೆ ತಗ್ಗುತ್ತದೆ, ಅಯ್ಯೋ ಪಾಪ ಅನ್ನುತ್ತಾರೆ, ಖುರ್ಚಿ ಎಳೆದು ಕೊಡುತ್ತಾರೆ. ಆ ಖುರ್ಚಿ ಪಂಡರಿಗೆ ಕಾಣುತ್ತಿತ್ತು. ಹೊರಸಿನ ಮೇಲಿನ ಬೆನ್ನೂ ಕಾಣುತ್ತಿತ್ತು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡರು.

ಅಣ್ಣನನ್ನು ನುಂಗಿದವರಿಗೆ ಅವನ ಹೆಸರನ್ನೂ ಕೊಟ್ಟು ಖುರ್ಚಿ ಪಡೆಯುವುದೇ? ಪಂಡರಿ ಬಾಯಿ ಮುಚ್ಚಿ, ಕತ್ತಿನ ಗುಂಡಿ ಹಾಕಿಕೊಂಡು ತಿರುಗಿದ.

“ಏ, ಕೇಳಿದ್ದಕ್ಕ ಜವಾಬ್ ಕೊಡಲೇ.”

ಟೈಪಿನ ಹುಡುಗಿ ತಲೆ ತಗ್ಗಿಸಿದಳು. ಗೇಟಿನ ಹತ್ತಿರ ಅವತ್ತು ಕೆಮ್ಮಿದ ಡ್ರೈವರು ಬೀಡಿ ಸೇದುತ್ತ ನಿಂತಿದ್ದ. “ಆಯ್ತೇನು ತಮ್ಮಾ ಕೆಲಸ?” ಅಂದ. ಪಂಡರಿ ಅವನನ್ನು ದಾಟಿ, ಟ್ಯಾಂಕುಗಳ ಸಾಲನ್ನು ದಾಟಿ, ಹೆದ್ದಾರಿಯ ಬಿಸಿಲಿಗೆ ಬಂದ. ಕತ್ತಿನಿಂದ ಬೆವರು ಇಳಿಯುತ್ತಿತ್ತು. ಅರಿಶಿನ ಕರಗಿ ಬಿಳಿ ಕಾಲರಿನುದ್ದಕ್ಕೂ ಹರಡುತ್ತಿತ್ತು. ಅವನು ಒರೆಸಿಕೊಳ್ಳದೆ ನಡೆದ.